ಮದುವೆ ಸೀಜನ್ ಬಿಡದೆ ರೇಸಿಗೆ ತಯಾರಿ: ಬೇಸಿಗೆ ರಜೆಯ ನನ್ನ ಅನುಭವ

ವಾರಕ್ಕೆ 700 ಕಿಲೋಮೀಟರ್ ಸೈಕಲ್ ಹೊಡೆಯದಿದ್ದರೆ ಜೂನ್ ರೇಸಿಗೆ ಕಾಲು ಬರುವುದಿಲ್ಲ ಎಂಬುದು ನಮ್ಮ ವಿಜಯಪುರದ ಕಡೆ ಹಳೆಯ ಮಾತು. ಮದುವೆಗೆ ಹೋದವನು, ಗೆಳೆಯರ ಜೊತೆ ತಿರುಗಿದವನು ಸೀಜನ್ ಕಳೆದುಕೊಂಡ ಅಂತಲೇ ಲೆಕ್ಕ. ಈ ಬೇಸಿಗೆ ನಾನು 350ರಿಂದ 400ರಲ್ಲೇ ನಿಲ್ಲಿಸಿದೆ. ಮನೆಯ ಒಂದು ಮದುವೆಯನ್ನೂ ತಪ್ಪಿಸಲಿಲ್ಲ. 10 ಕಿಲೋಮೀಟರ್ ಟೈಮ್ ಟ್ರಯಲ್ (ಒಬ್ಬನೇ ಗಡಿಯಾರದ ಎದುರು ತುಳಿಯುವುದು) ಏಪ್ರಿಲ್‌ನಲ್ಲಿ 16 ನಿಮಿಷದ ಮೇಲಿತ್ತು, ಜೂನ್ ಹೊತ್ತಿಗೆ 15.20ರ ಆಸುಪಾಸಿಗೆ ಬಂತು. ಗಾಳಿ ಸೀಳಲು ಬಾಗಿ ಹಿಡಿಯುವ ಏರೋಬಾರ್ ಇಲ್ಲ, ಕಡ್ಡಿ ಮುಚ್ಚಿದ ಡಿಸ್ಕ್ ಚಕ್ರ ಇಲ್ಲ, ಅದೇ ಅಲ್ಯೂಮಿನಿಯಂ ಫ್ರೇಮು. ‘ಆಗೋದಿಲ್ಲ ಬಿಡು’ ಅಂದ ಸೀನಿಯರ್‌ಗಳೇ ಈಗ ವಾರದ ಪಟ್ಟಿ ಕೇಳುತ್ತಿದ್ದಾರೆ.

ವಾರಕ್ಕೆ ಎರಡೇ ದಿನ ಜೋರು, ಒಂದು ದಿನ ಉದ್ದ, ಉಳಿದದ್ದು ಸಡಿಲ. ಆ ಉದ್ದದ ದಿನವನ್ನು ಮದುವೆಗೋ ಜಾತ್ರೆಗೋ ಕಟ್ಟಿಬಿಡಬೇಕು. ಮನೆಯವರು ಕ್ರೂಸರ್‌ನಲ್ಲಿ ಹೊರಡುತ್ತಾರೆ, ನಾವು ಅದಕ್ಕೂ ಮೂರು ತಾಸು ಮೊದಲು ಸೈಕಲ್ ಮೇಲೆ. ಬಸವನ ಬಾಗೇವಾಡಿ ಸುಮಾರು 45, ಸಿಂದಗಿ 60ರ ಹತ್ತಿರ, ಜಮಖಂಡಿಯೂ ಅಷ್ಟೇ. ಊರು ಸಮೀಪವಿದ್ದರೆ ಸುತ್ತು ಹಾಕಿ 80 ಮಾಡಿಕೊಳ್ಳಬಹುದು. ಐದು ಗಂಟೆಗೆ ಬಿಟ್ಟರೆ ಎಂಟರೊಳಗೆ ಮಂಟಪ. ಅಕ್ಕಿಕಾಳು ಬೀಳುವುದು ಸಾಮಾನ್ಯವಾಗಿ ಹನ್ನೆರಡರ ಮೇಲೆ, ಅಷ್ಟರಲ್ಲಿ ಸ್ನಾನ, ಉಪ್ಪಿಟ್ಟು, ಒಂದು ತಾಸು ನಿದ್ದೆ ಎಲ್ಲ ಮುಗಿದಿರುತ್ತದೆ. ಬಟ್ಟೆ, ಚಪ್ಪಲಿ, ಟವೆಲ್ಲು ಹಿಂದಿನ ರಾತ್ರಿಯೇ ಅವ್ವನ ಬ್ಯಾಗಿಗೆ ಹೋಗಬೇಕು. ಮನೆಯವರ ತಕರಾರು ಸೈಕಲ್ ಬಗ್ಗೆ ಅಲ್ಲ, ಹಿರಿಯರೆದುರು ಬೆವರಿನ ಜರ್ಸಿಯಲ್ಲಿ ಸುಳಿದಾಡುವುದರ ಬಗ್ಗೆ.

ಮಂಟಪದಲ್ಲಿ ಕಾಲು ಹಾಳಾಗುವುದು ಬಡಿಸುವ ಕೆಲಸದಿಂದ. ಆ ಕಾವಿನಲ್ಲಿ ಎರಡು ತಾಸು ಬಕೆಟ್ ಹಿಡಿದು ನಿಂತರೆ ಮರುದಿನದ ಸೆಟ್ (ಹೊತ್ತು ಕಟ್ಟಿ ಜೋರಾಗಿ ತುಳಿಯುವ ಸುತ್ತು) ಸತ್ತ ಹಾಗೆ. ಮುಯ್ಯಿ ಬರೆಯುವ ಕೆಲಸ ಕೇಳಿ ತೆಗೆದುಕೊಳ್ಳಿ. ಕೂತು ಮಾಡುವ ಕೆಲಸ, ಫ್ಯಾನಿನ ಕೆಳಗೆ, ಕಾಕಾ ಮಾಮಾಗಳೆಲ್ಲ ಹುಡುಗ ಜವಾಬ್ದಾರಿ ಹೊತ್ತ ಅಂತಾರೆ. ಊಟದಲ್ಲಿ ಅನ್ನ, ಸಾರು, ಮಜ್ಜಿಗೆ, ಗೋದಿ ಹುಗ್ಗಿ ಎಷ್ಟು ಬೇಕಾದರೂ ಆಗಲಿ, ಭಜಿ ಬೇಡ. ಮರುದಿನ ಜೋರು ಸೆಟ್ ಇದ್ದರೆ ಶೇಂಗಾ ಹೋಳಿಗೆ ಒಂದೇ ಸಾಕು, ಅದರ ಎಣ್ಣೆಯಂಶ ಕರಗಲು ರಾತ್ರಿಯೆಲ್ಲ ಬೇಕು.

ವಾಪಸ್ ಬರುವುದು ಕ್ರೂಸರ್‌ನಲ್ಲೇ. ಇಲ್ಲಿ ಹೆಚ್ಚು ಜನ ಸೈಕಲ್ ಹಾಳು ಮಾಡಿಕೊಳ್ಳುತ್ತಾರೆ. ನಿಂತ ಸೈಕಲ್ಲನ್ನು ಹಾಗೆಯೇ ಮೇಲೆ ಮಲಗಿಸಿ ಹಗ್ಗ ಬಿಗಿದರೆ ಗೇರು ಬದಲಿಸುವ ಹಿಂದಿನ ಡಿರೇಲರ್‌ನ ಹ್ಯಾಂಗರ್, ಅಂದರೆ ಅದು ತೂಗುವ ತುಂಡು, ಬಗ್ಗುತ್ತದೆ. ಮನೆಗೆ ಬಂದು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಗೇರು ಹಾಕಿದಾಗ ಡಿರೇಲರ್ ಚಕ್ರದ ಕಡ್ಡಿಗೆ ಸಿಕ್ಕರೆ ಕಡ್ಡಿ, ಡಿರೇಲರ್, ಹ್ಯಾಂಗರ್ ಸೇರಿ ನಾಲ್ಕು ಸಾವಿರಕ್ಕೆ ಕಡಿಮೆ ಇಲ್ಲ. ಎರಡೂ ಚಕ್ರ ಬಿಚ್ಚಿ, ಚೈನಿನ ಕಡೆ ಮೇಲೆ ಬರುವಂತೆ ಗೋಣಿಚೀಲದ ಮೇಲೆ ಮಲಗಿಸಿ, ಹಗ್ಗದ ಬದಲು ಹಳೆಯ ಟ್ಯೂಬ್ ಸೀಳಿ ಕಟ್ಟಿ. ಗಾಳಿ 50 ಪಿಎಸ್‌ಐಗೆ ಇಳಿಸಿ. ಬೆಳಗ್ಗೆ 25 ಡಿಗ್ರಿಯಲ್ಲಿ 90 ತುಂಬಿದ ಟೈರಿನ ಗಾಳಿ 45 ಡಿಗ್ರಿಗೆ ಬಿಸಿಯಾದರೆ 97ಕ್ಕೆ ಹೋಗುತ್ತದೆ. ಅಷ್ಟಕ್ಕೆ ಟೈರು ಸಿಡಿಯುವುದಿಲ್ಲ, ಆದರೆ ಬಿಸಿಲಿಗೆ ಮೆತ್ತಗಾದ ಹಳೆಯ ಪ್ಯಾಚು ಏಳುತ್ತದೆ. ಪಂಕ್ಚರ್ ಆಗಿದ್ದು ರಸ್ತೆಯಲ್ಲಿ ಅಂದುಕೊಂಡು ಟೈರು ಹುಡುಕಿದರೆ ಮುಳ್ಳೇ ಸಿಗುವುದಿಲ್ಲ.

ಮುಳ್ಳಿನ ಮಾತು ಬಂತಲ್ಲ, ಬಳ್ಳಾರಿ ಜಾಲಿ ಕಡಿದು ರಸ್ತೆ ಬದಿ ಒಟ್ಟಿರುವ ಕಡೆ ಯಾವ ಟೈರೂ ನಿಲ್ಲುವುದಿಲ್ಲ. ತೂತು ತಾನೇ ಮುಚ್ಚುವ ದ್ರವ, ಅಂದರೆ ಸೀಲಂಟ್ ಹಾಕಿದ ಟ್ಯೂಬ್‌ಲೆಸ್ ನೋಡಿದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಸೀಲಂಟ್ ಒಂದು ತಿಂಗಳಲ್ಲೇ ಒಣಗಿ ಹಾಳೆಯಾಗುತ್ತದೆ, ಬಾಟಲಿ ಬೆಲೆ ನೋಡಿದರೆ ಕಾಲೇಜು ಹುಡುಗರಿಗೆ ಗಿಟ್ಟುವುದಿಲ್ಲ. 25 ಎಂಎಂ ಟೈರು, ಸಾದಾ ಬ್ಯೂಟೈಲ್ ಟ್ಯೂಬು, ಜೇಬಿನಲ್ಲಿ ಎರಡು ಸ್ಪೇರ್. ಮುಳ್ಳು ತೆಗೆದ ಮೇಲೆ ಟೈರಿನ ಒಳಗೆ ಹತ್ತಿ ಎಳೆಯಿರಿ, ಬೆರಳಿಗೆ ಸಿಗದ ತುದಿ ಹತ್ತಿಗೆ ಸಿಗುತ್ತದೆ.

ಇನ್ನು ಜೋರಿನ ಎರಡು ದಿನ. ಮಂಗಳವಾರ ಎಂಟು ನಿಮಿಷದ ನಾಲ್ಕು ಸೆಟ್, ನಡುವೆ ನಾಲ್ಕು ನಿಮಿಷ ಸಡಿಲ. ತುಳಿಯುವ ಬಲ ಅಳೆಯುವ ಪವರ್ ಮೀಟರ್ ಇಲ್ಲದಿದ್ದರೆ ಹಾರ್ಟ್‌ರೇಟ್ ನಂಬಿ, ಆದರೆ ಮೊದಲ ಮೂರು ನಿಮಿಷ ಅದನ್ನು ನೋಡಬೇಡಿ, ಏರಲು ಅಷ್ಟು ಹೊತ್ತು ಬೇಕು. ನಾಲ್ಕನೆಯ ಸೆಟ್ಟಿನ ವೇಗ ಮೊದಲನೆಯದಕ್ಕಿಂತ ತಾಸಿಗೆ ಒಂದು ಕಿಲೋಮೀಟರಿಗೂ ಹೆಚ್ಚು ಬಿದ್ದರೆ ಮೊದಲನೆಯದನ್ನು ಜಾಸ್ತಿ ಒತ್ತಿದ್ದೀರಿ.

ಶುಕ್ರವಾರ ಗಾಡಿ ಹಿಂದೆ, ಅಂದರೆ ಗೆಳೆಯನ ಬೈಕಿನ ಗಾಳಿಮರೆಯಲ್ಲಿ ತುಳಿಯುವುದು. ಗೆಳೆಯರ ಪಾತ್ರ ಇಲ್ಲಿ, ರಜೆಯಲ್ಲಿ ಅವರಿಗೂ ಬೆಳಗಿನ ಚಹಾಕ್ಕೆ ನೆಪ ಬೇಕು. ಸ್ಪ್ಲೆಂಡರ್ ನಾಲ್ಕನೇ ಗೇರಿನಲ್ಲಿ 40ರಿಂದ 45ಕ್ಕೆ ಅಲುಗಾಡದೆ ಓಡುತ್ತದೆ. ಸ್ಕೂಟಿ ಬೇಡ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಸಟ್ಟನೆ ಹಿಡಿಯುತ್ತದೆ. ಓಡಿಸುವವನಿಗೆ ಮೂರೇ ಸೂಚನೆ: ಬ್ರೇಕ್ ಮುಟ್ಟಬಾರದು, ತಗ್ಗು ಕಂಡರೆ ಎಡಗೈ ಕೆಳಗೆ, ವೇಗ ಏರಿಸುವುದಿದ್ದರೆ ಒಂದು ಹಾರ್ನ್ ಹೊಡೆದು ನಿಧಾನಕ್ಕೆ. ನಿಮ್ಮ ಮುಂದಿನ ಚಕ್ರ ಅವನ ಹಿಂದಿನ ಚಕ್ರಕ್ಕಿಂತ ಒಂದೂವರೆ ಅಡಿ ಹಿಂದೆಯೇ ಇರಲಿ, ಪಕ್ಕಕ್ಕೆ ಹೋಗಿ ಚಕ್ರಕ್ಕೆ ಚಕ್ರ ಜೋಡಿಯಾಗಬಾರದು. ಹೆದ್ದಾರಿಗೆ ಹೋಗಲೇಬೇಡಿ. ವಾಹನವಿಲ್ಲದ, ಮೊದಲೇ ನೋಡಿಕೊಂಡ ನೇರ ರಸ್ತೆ, ಬೆಳಕಾದ ಮೇಲೆ. 20 ನಿಮಿಷದ ಎರಡು ಸೆಟ್ಟಿಗೆ ಅರ್ಧ ಲೀಟರ್ ಪೆಟ್ರೋಲು, ಅಂದರೆ 50 ರೂಪಾಯಿ ಚಿಲ್ಲರೆ. ಆ ದುಡ್ಡು ಕೈಯಲ್ಲೇ ಕೊಡಿ, ಚಹಾ-ಚುರುಮುರಿ ಬೇರೆ. ಗಾಡಿ ಹಿಂದೆ ಮಾಡಿದ ಮೊದಲ ವಾರಗಳಲ್ಲಿ ನನ್ನ ಕಾಲು ನಿಮಿಷಕ್ಕೆ 95 ಸುತ್ತು ದಾಟುತ್ತಿರಲಿಲ್ಲ, ಮೇ ಕೊನೆಗೆ 105ರಲ್ಲಿ ಸಲೀಸಾಗಿ ತಿರುಗಿತು. ಸೆಟ್ಟಿನ ಕೊನೆಯ ಎರಡು ನಿಮಿಷದಲ್ಲಿ ನಾನು ಮಾಡುವ ಒಂದು ಕೆಲಸವಿದೆ, ಅದನ್ನು ಈ ಸೀಜನ್ ಮುಗಿಯುವವರೆಗೆ ಯಾರಿಗೂ ಹೇಳುವುದಿಲ್ಲ.

ಬಿಸಿಲನ್ನು ಪೂರ್ತಿ ತಪ್ಪಿಸುವುದು ತಪ್ಪು ಲೆಕ್ಕ, ರೇಸು ಹತ್ತು ಗಂಟೆಗೂ ಶುರುವಾಗಬಹುದು. ದೇಹ ಕಾವಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ಮೇಲೆ ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ಇಳಿಯುತ್ತದೆ. ಮೇ ತಿಂಗಳಲ್ಲಿ ಸಡಿಲದ ಸವಾರಿಯನ್ನೇ ಬೆಳಗಿನ ಎಂಟೂವರೆ-ಒಂಬತ್ತೂವರೆಯ ಹೊತ್ತಿಗೆ ಸರಿಸಿದೆ. ಜೋರಿನ ಸೆಟ್ ಆ ಹೊತ್ತಿನಲ್ಲಿ ಮಾಡಿದರೆ ವೇಗವೂ ಸಿಗುವುದಿಲ್ಲ, ಮೂರು ದಿನ ಮೈ ಏಳುವುದೂ ಇಲ್ಲ. ಮೈ ಜುಮ್ಮೆಂದು ಚಳಿಯಾದರೆ, ತಲೆ ತಿರುಗಿದರೆ ಅಲ್ಲೇ ಇಳಿದು ನೆರಳಿಗೆ ಹೋಗಿ ತಲೆ, ಕತ್ತಿಗೆ ನೀರು ಹಾಕಿ. ‘ಇನ್ನು ಹತ್ತೇ ಕಿಲೋಮೀಟರ್’ ಎಂಬ ಹಟ ಆಸ್ಪತ್ರೆಗೆ ಒಯ್ಯುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಹೊರಗೆ ಬೀಳಬೇಡಿ, ನಮ್ಮ ಬಯಲಿನಲ್ಲಿ ಸಿಡಿಲಿಗೆ ಎತ್ತರದ ವಸ್ತು ಸೈಕಲ್ ಸವಾರನೇ.

ನೀರಿಗೆ ತಕ್ಕಡಿಯೇ ಸಾಕು. ಹೋಗುವ ಮೊದಲು, ಬಂದ ಮೇಲೆ ತೂಗಿ. ಕುಡಿದ ನೀರನ್ನೂ ಲೆಕ್ಕಕ್ಕೆ ಸೇರಿಸಿ, ಒಂದು ಕೆಜಿ ಇಳಿದರೆ ಒಂದು ಲೀಟರ್ ಬೆವರು. ನನಗೆ ಬೆಳಗ್ಗೆ ಆರಕ್ಕೆ ತಾಸಿಗೆ ಮುಕ್ಕಾಲು ಲೀಟರ್, ಒಂಬತ್ತರ ಮೇಲೆ ಒಂದೂಕಾಲು. ಲೀಟರಿಗೆ 50 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದು ಲಿಂಬೆ. ಜೊತೆಗೆ ಅಡುಗೆಮನೆಯದೇ ಇನ್ನೊಂದು ಸಾಮಾನು ಚಿಟಿಕೆ ಹಾಕುತ್ತೇನೆ, ಅದು ನನ್ನ ಬಳಿಯೇ ಇರಲಿ. ಅಂಗಡಿಯ ಓಆರ್‌ಎಸ್ ಪ್ಯಾಕೆಟ್ಟಿನಲ್ಲಿ ಲೀಟರಿಗೆ ಗ್ಲೂಕೋಸು 13.5 ಗ್ರಾಂ ಮಾತ್ರ. ಬಳಲಿದವನಿಗೆ ಅದು ಒಳ್ಳೆಯದು, ಮೂರು ತಾಸು ತುಳಿಯುವವನಿಗೆ ಅದರಿಂದ ಶಕ್ತಿ ಬರುವುದಿಲ್ಲ.

ಸವಾರಿಯಲ್ಲಿ ಹೀರುವ ಸಕ್ಕರೆಪಾಕದಂಥ ಎನರ್ಜಿ ಜೆಲ್ ಕೊಳ್ಳುವುದನ್ನು ಬಿಟ್ಟು ನಮ್ಮ ಜಿಲ್ಲೆಯ ಒಣದ್ರಾಕ್ಷಿಗೆ ಬಂದೆ. ಒಂದು ಜೆಲ್ ನೂರರ ಮೇಲೆ, ಅದರಲ್ಲಿ ಸುಮಾರು 25 ಗ್ರಾಂ ಕಾರ್ಬೋಹೈಡ್ರೇಟ್. 100 ಗ್ರಾಂ ಒಣದ್ರಾಕ್ಷಿಯಲ್ಲಿ 75 ಗ್ರಾಂನಷ್ಟಿದೆ, ಬೆಲೆ ಜೆಲ್ಲಿಗಿಂತ ಎಷ್ಟೋ ಕಡಿಮೆ. ತಾಸಿಗೆ 50 ಗ್ರಾಂ ದಾಟಿದರೆ ಹೊಟ್ಟೆ ಗುಡುಗುತ್ತದೆ, ಉಳಿದದ್ದನ್ನು ಬಾಟಲಿಯ ಸಕ್ಕರೆಯಿಂದ ತುಂಬಿಸಿ. ಅಮೀನಗಡದ ಕರದಂಟನ್ನೂ ನೋಡಿದೆ. ತುಪ್ಪ, ಅಂಟು ಇರುವುದರಿಂದ ಸಡಿಲದ ಉದ್ದ ಸವಾರಿಗೆ ಚೆನ್ನ, ರೇಸಿನಲ್ಲಿ ಹೊಟ್ಟೆಯಲ್ಲೇ ಕೂರುತ್ತದೆ.

ಜಾತ್ರೆ ರೇಸುಗಳಿಗೆ ಹೋಗುವುದು ದುಡ್ಡಿಗಾಗಿ, ಅದರಲ್ಲಿ ಮುಚ್ಚುಮರೆ ಇಲ್ಲ. ಮೊದಲ ಬಹುಮಾನ ಐದು ಸಾವಿರದ ಸುತ್ತ, ದೊಡ್ಡ ಊರಲ್ಲಿ ಹತ್ತು. ಒಳ್ಳೆಯ ಚಕ್ರ ಒಯ್ಯಬೇಡಿ. 32 ಕಡ್ಡಿಯ ಹಳೆಯ ಚಕ್ರ, 28ರ ಟೈರು. ಕೊನೆಯ 300 ಮೀಟರಿನಲ್ಲಿ ಜನ ರಸ್ತೆಗೆ ಬಂದಿರುತ್ತಾರೆ, ಸ್ಪ್ರಿಂಟಿಗೆ ಕಾಯುವವನಿಗೆ ದಾರಿಯೇ ಸಿಗುವುದಿಲ್ಲ, ಎರಡು ಕಿಲೋಮೀಟರ್ ಇರುವಾಗಲೇ ಗುಂಪು ಬಿಟ್ಟು ಮುಂದೆ ಹೊರಬೀಳಿ. ಈ ಬೇಸಿಗೆ ಬಂದ ದುಡ್ಡಿನಲ್ಲಿ ಒಂದು ಜೊತೆ ಟೈರು, ಒಂದು ಚೈನು, ಗೆಳೆಯರ ಪೆಟ್ರೋಲು ಎಲ್ಲ ಕಳೆದು ಸಾವಿರ ಚಿಲ್ಲರೆ ಉಳಿಯಿತು.

ಚೈನಿಗೆ ಎಣ್ಣೆ ಬಿಟ್ಟು ಮೇಣ ಹಿಡಿದದ್ದೂ ಇದೇ ರಜೆಯಲ್ಲಿ. ಎಣ್ಣೆ ಚೈನಿಗೆ ಎರೆ ಮಣ್ಣಿನ ಧೂಳು ಕೂತರೆ ಅದು ಅರದಂತೆ ಹಲ್ಲು ತಿನ್ನುತ್ತದೆ. ಹೊಸ ಚೈನಿನ ಗ್ರೀಸು ಪೂರ್ತಿ ಹೋಗುವವರೆಗೆ ಬಯಲಿನಲ್ಲಿ, ಬೆಂಕಿಯಿಂದ ದೂರ, ಪೆಟ್ರೋಲಿನಲ್ಲಿ ಎರಡು-ಮೂರು ಸಲ ತೊಳೆದು ಒಂದು ದಿನ ಒಣಗಿಸಿ. ಅರ್ಧ ಕೆಜಿ ಪ್ಯಾರಾಫಿನ್ ಮೇಣವನ್ನು ಬಿಸಿನೀರಿನೊಳಗಿಟ್ಟ ಬೇರೆ ಪಾತ್ರೆಯಲ್ಲಿ ಕರಗಿಸಿ, ನೇರ ಉರಿಗೆ ಇಡಬೇಡಿ. ಚೈನು ಮುಳುಗಿಸಿ ಗುಳ್ಳೆ ನಿಲ್ಲುವವರೆಗೆ ಅಲುಗಾಡಿಸಿ ತೂಗುಹಾಕಿ. ಮೇಣದಬತ್ತಿ ಕರಗಿಸಿದರೆ ಸಿಪ್ಪೆಯಾಗಿ ಉದುರುತ್ತದೆ. 300 ಕಿಲೋಮೀಟರಿಗೊಮ್ಮೆ ಮತ್ತೆ ಅದ್ದಿದರೆ ಸಾಕು. ಮುಂಗಾರು ಶುರುವಾದ ಮೇಲೆ ಒಂದೇ ಮಳೆಗೆ ಮೇಣದ ಚೈನು ತುಕ್ಕು ಹಿಡಿಯುತ್ತದೆ, ಜೂನ್ ಮೊದಲ ವಾರದಿಂದ ನಾನು ಎಣ್ಣೆಗೆ ವಾಪಸ್.