ಅಗ್ಗದ ಎಲೆಕ್ಟ್ರಿಕ್ ಗಿಟಾರ್: ಏನು ಬದಲಿಸಬೇಕು, ಏನು ಬಿಡಬೇಕು

ಹತ್ತು ಹನ್ನೆರಡು ಸಾವಿರದ ಎಲೆಕ್ಟ್ರಿಕ್ ಗಿಟಾರ್ ಕೊಂಡವರ ದೂರುಗಳು ಹೆಚ್ಚುಕಮ್ಮಿ ಒಂದೇ. ಎರಡು ಹಾಡು ನುಡಿಸುವಷ್ಟರಲ್ಲಿ ಶ್ರುತಿ ತಪ್ಪುತ್ತದೆ. ನಾಬ್ ತಿರುಗಿಸಿದರೆ ಕರಕರ. ಕೇಬಲ್ ಸ್ವಲ್ಪ ಅಲುಗಿದರೆ ಸದ್ದೇ ಇಲ್ಲ. ಆಂಪ್ (ಆಂಪ್ಲಿಫೈಯರ್) ಹಾಕಿದ ಕೂಡಲೇ ಗುಂಯ್. ಆಗ ಯಾರೋ ಒಬ್ಬರು ‘ಪಿಕಪ್ ಬದಲಿಸು’ ಅನ್ನುತ್ತಾರೆ. ತಂತಿಗಳ ಕೆಳಗೆ ಕೂತು, ಅವುಗಳ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತ-ಸುರುಳಿಯ ಭಾಗವೇ ಪಿಕಪ್. ಗಿಟಾರಿನ ಅರ್ಧ ಬೆಲೆ ಕೊಟ್ಟು ಪಿಕಪ್ ತರಿಸಿ ಹಾಕಿದ್ದೂ ಆಗುತ್ತದೆ, ದೂರು ಹಾಗೇ ಉಳಿಯುತ್ತದೆ. ಈ ನಾಲ್ಕರಲ್ಲಿ ಮೊದಲ ಮೂರಕ್ಕೂ ಪಿಕಪ್‌ಗೂ ಸಂಬಂಧವೇ ಇಲ್ಲ ನೋಡಿ.

ಇಲ್ಲಿ ಸ್ಟ್ರ್ಯಾಟ್ ಮಾದರಿಯ ಗಿಟಾರನ್ನೇ ಇಟ್ಟುಕೊಂಡು ಹೇಳುತ್ತೇನೆ. ಫೆಂಡರ್ ಕಂಪನಿ 1954ರಲ್ಲಿ ಹೊರತಂದ ಸ್ಟ್ರ್ಯಾಟೊಕಾಸ್ಟರ್ ಇದರ ಮೂಲ. ಮೂರು ಪಿಕಪ್, ಒಂದು ವಾಲ್ಯೂಮ್, ಎರಡು ಟೋನ್, ಎಲ್ಲವೂ ಒಂದೇ ಪ್ಲಾಸ್ಟಿಕ್ ಫಲಕದ ಮೇಲೆ ಕೂತಿರುತ್ತವೆ. ಫಲಕ ಎತ್ತಿದರೆ ಇಡೀ ಸರ್ಕೀಟ್ ಕೈಗೆ ಬರುತ್ತದೆ. ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಸುಲಭದ ಗಿಟಾರ್ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಿಟಾರಿನ ಕತ್ತು ತಿರುಚಿಕೊಂಡಿದ್ದರೆ, ಕತ್ತಿನ ಬಾಗು ಸರಿಪಡಿಸುವ ಒಳಗಿನ ಕಂಬಿ (ಟ್ರಸ್ ರಾಡ್) ಜಾಮ್ ಆಗಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ. ಕತ್ತು ನೆಟ್ಟಗಿದ್ದರೆ ಮಾತ್ರ ಮುಂದಿನದು.

ಬಿಚ್ಚಿ, ಅಳೆದು, ಆಮೇಲೆ ಕೊಳ್ಳಿ

ತಂತಿ ಸಡಿಲಿಸಿ ತೆಗೆಯಿರಿ. ಫಲಕದ ಸ್ಕ್ರೂಗಳು ಸಾಮಾನ್ಯವಾಗಿ 11 ಇರುತ್ತವೆ. ಒಂದು ಬಟ್ಟಲಲ್ಲಿ ಹಾಕಿಡಿ, ಇಲ್ಲದಿದ್ದರೆ ಹನ್ನೊಂದನೆಯದು ಮಂಚದ ಕೆಳಗೆ ಸಿಗುತ್ತದೆ. ಫಲಕವನ್ನು ಮಗುಚಿ, ಮೊಬೈಲಿನಲ್ಲಿ ಮೂರು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಯಾವ ವೈರ್ ಎಲ್ಲಿಗೆ ಹೋಗಿತ್ತು ಅನ್ನೋದು ನೆನಪಿರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇರುವುದಿಲ್ಲ.

ಈಗ ಒಂದು ಕ್ಯಾಲಿಪರ್ ಬೇಕು, ಅಗ್ಗದ ಪ್ಲಾಸ್ಟಿಕ್‌ನದಾದರೂ ನಡೆಯುತ್ತದೆ. ಪಾಟ್ (ನಾಬ್ ಕೆಳಗಿರುವ, ವಾಲ್ಯೂಮ್, ಟೋನ್ ಏರಿಳಿಸುವ ಭಾಗ) ಕೂರುವ ತೂತಿನ ಅಗಲ, ಫಲಕದ ಕೆಳಗಿನ ಗುಂಡಿಯ ಆಳ, ಟ್ಯೂನಿಂಗ್ ಕೀ ತೂತು, ಕತ್ತಿನ ತುದಿಯ ಬಿಳಿ ಪಟ್ಟಿ ಅಂದರೆ ನಟ್‌ನ ಉದ್ದ ಮತ್ತು ದಪ್ಪ, ಗಿಟಾರಿನ ಮೈಮೇಲೆ ತಂತಿಗಳು ಕೂರುವ ಲೋಹದ ಬ್ರಿಡ್ಜ್‌ನಲ್ಲಿ ಮೊದಲ ತಂತಿಯಿಂದ ಆರನೇ ತಂತಿಗೆ ಇರುವ ದೂರ. ಎಲ್ಲವನ್ನೂ ಚೀಟಿಯಲ್ಲಿ ಬರೆದಿಡಿ.

ನಾನು ಇದನ್ನು ಮಾಡದೆ ಬುದ್ಧಿ ಕಲಿತವನು. ‘ಸ್ಟ್ರ್ಯಾಟ್‌ಗೆ ಹೊಂದುತ್ತದೆ’ ಅಂತ ಓದಿ ದೊಡ್ಡ ಪಾಟ್‌ಗಳನ್ನು ತರಿಸಿದ್ದೆ. ಅವುಗಳ ಕುತ್ತಿಗೆ 9.5 ಮಿಲಿಮೀಟರ್, ನನ್ನ ಫಲಕದ ತೂತು 8. ತೂತು ಅಗಲಿಸುವ ರೀಮರ್ ಇರಲಿಲ್ಲ. ಕತ್ತರಿ ತುದಿ ತೂರಿಸಿ ತಿರುಗಿಸಿದೆ. ಮೂರನೇ ಸುತ್ತಿಗೆ ಫಲಕ ಚಟ್ ಅಂತ ಬಿರುಕು ಬಿಟ್ಟಿತು. ಹೇಗೋ ಕೂರಿಸಿದ ಮೇಲೆ ಹಳೆಯ ನಾಬ್ ಹೊಸ ಕಡ್ಡಿಗೆ ಇಳಿಯಲಿಲ್ಲ. ಹಳೆಯ ಕಡ್ಡಿಯಲ್ಲಿ 18 ಹಲ್ಲು, ಹೊಸದರಲ್ಲಿ 24! ಆ ಬಿರುಕು ಇವತ್ತಿಗೂ ವಾಲ್ಯೂಮ್ ನಾಬ್ ಪಕ್ಕದಲ್ಲಿದೆ.

ಶ್ರುತಿಯ ಕಳ್ಳ ಯಾರು?

ಶ್ರುತಿ ನಿಲ್ಲದಿದ್ದರೆ ಎಲ್ಲರೂ ಬೈಯುವುದು ಟ್ಯೂನಿಂಗ್ ಕೀಗಳನ್ನು, ವೀಣೆಯವರು ಬಿರಡೆ ಅನ್ನುವುದನ್ನು. ಬಹಳ ಸಲ ತಪ್ಪು ನಟ್‌ನದು, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿಯದು. ಕೀಯನ್ನು ನಿಧಾನವಾಗಿ ತಿರುಗಿಸಿ ಕೇಳಿ. ಶ್ರುತಿ ಏರದೆ ಸುಮ್ನೆ ಇದ್ದು, ಆಮೇಲೆ ‘ಟಿಂಗ್’ ಅಂತ ಒಮ್ಮೆಗೇ ಜಿಗಿದರೆ ತಂತಿ ನಟ್‌ನ ಗೀರಿನಲ್ಲಿ ಸಿಕ್ಕಿಕೊಂಡಿದೆ.

ಮೊದಲು ಎರಡು ರೂಪಾಯಿಯ ಮದ್ದು: 2ಬಿ ಪೆನ್ಸಿಲ್ ತುದಿಯನ್ನು ಗೀರಿನೊಳಗೆ ಉಜ್ಜಿ. ಪೆನ್ಸಿಲ್ಲಿನ ಗ್ರಾಫೈಟ್ ಜಾರುಕವಾಗಿ ಕೆಲಸ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ನಟ್ ಬದಲಿಸಿ. ಅಂಚಿನ ಸುತ್ತ ಬ್ಲೇಡಿನಿಂದ ಪಾಲಿಶ್ ಕೊಯ್ದು, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದರೆ ಹಳೆಯದು ಬಿಟ್ಟುಕೊಳ್ಳುತ್ತದೆ. ಗೀರು ಕೊರೆದೇ ಬರುವ ಮೂಳೆಯ ನಟ್ ಅಥವಾ ಗ್ರಾಫೈಟ್ ನಟ್ ತಂದು, ತಳವನ್ನು ಗಾಜಿನ ಮೇಲಿಟ್ಟ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ ಎತ್ತರ ಇಳಿಸಿ. ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದಾಗ ಮೊದಲನೇ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದು ಉಳಿಯಬೇಕು. ಜಾಸ್ತಿ ತಿಕ್ಕಿದರೆ ಮತ್ತೆ ಬೆಳೆಯುವುದಿಲ್ಲ, ಹತ್ತು ಸಲ ಹಾಕಿ ನೋಡಿ. ಅಂಟು ಎರಡೇ ಹನಿ ಸಾಕು.

ಇಷ್ಟಾದ ಮೇಲೂ ಕೀಗಳು ಲೊಡಲೊಡ ಅಂದರೆ ಆಗ ಬದಲಿಸಿ. ಮುಚ್ಚಿದ ಮಾದರಿಯ ಕೀಗಳಿಗೆ ಸಾಮಾನ್ಯವಾಗಿ 10 ಮಿಲಿಮೀಟರ್ ತೂತು ಬೇಕು. ಹಿಂದಿನ ಸ್ಕ್ರೂ ಎಲ್ಲಿ ಬರುತ್ತದೆ ಅನ್ನುವುದನ್ನೂ ಹೋಲಿಸಿ ನೋಡಿ.

ಪಾಟ್, ಸ್ವಿಚ್, ಜ್ಯಾಕ್

ಕರಕರ ಸದ್ದಿಗೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಇಪ್ಪತ್ತು ಸಲ ನಾಬ್ ತಿರುಗಿಸಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಹೊಸ ಪಾಟ್. ಒಂದೇ ಸುರುಳಿಯ ಪಿಕಪ್‌ಗಳಿಗೆ 250 ಕಿಲೋ ಓಮ್, ಎರಡು ಸುರುಳಿಯ ದಪ್ಪ ಹಂಬಕರ್‌ಗಳಿಗೆ 500. ಬೆನ್ನಿನ ಮೇಲೆ ಎ250ಕೆ ಅಂತ ಇರುವುದನ್ನು ತನ್ನಿ. ಎ ಅಂದರೆ ನಮ್ಮ ಕಿವಿಗೆ ಹೊಂದುವಂತೆ ಏರಿಳಿಯುವುದು. ಬಿ ಹಾಕಿದರೆ ವಾಲ್ಯೂಮ್ 10ರಿಂದ 3ರವರೆಗೆ ಏನೂ ಆಗದಂತಿದ್ದು, ಆಮೇಲೆ ದಡಕ್ಕನೆ ಬಿದ್ದುಹೋಗುತ್ತದೆ.

ಟೋನ್ ಕೆಪಾಸಿಟರ್‌ಗೆ ಬೆಂಗಳೂರಿನ ಎಸ್‌ಪಿ ರೋಡಿನ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘223 ಪಾಲಿಯೆಸ್ಟರ್’ ಅಂತ ಕೇಳಿ, ಕೆಲವೇ ರೂಪಾಯಿ. 223 ಅಂದರೆ 0.022 ಮೈಕ್ರೋಫ್ಯಾರಡ್. ಟೋನ್ ಇಳಿಸಿದಾಗ ಇನ್ನೂ ಮಂದ ಬೇಕಿದ್ದರೆ 473, ಅಂದರೆ 0.047. ಸಾವಿರಾರು ರೂಪಾಯಿಯ ಎಣ್ಣೆ-ಕಾಗದದ ಕೆಪಾಸಿಟರ್ ಮಾರುವವರಿದ್ದಾರೆ. ಮೈಕ್ರೋಫ್ಯಾರಡ್ ಅಂಕಿ ಒಂದೇ ಇದ್ದರೆ ಎರಡೂ ಒಂದೇ ಅಂತ ನನ್ನ ಕಿವಿಗೆ ಕೇಳುತ್ತದೆ.

ಕೇಬಲ್ ಅಲುಗಿದರೆ ಸದ್ದು ಹೋಗುವುದು, ಅದನ್ನು ಚುಚ್ಚುವ ಜ್ಯಾಕ್‌ನ ಸ್ಪ್ರಿಂಗ್ ಪಟ್ಟಿ ಸಡಿಲವಾಗಿ. ಒಳ್ಳೆಯ ಜ್ಯಾಕ್ ಹಾಕಿ, ಇದರಷ್ಟು ಕಮ್ಮಿ ಖರ್ಚಿನ ನೆಮ್ಮದಿ ಬೇರೆ ಇಲ್ಲ. ಪಿಕಪ್ ಆರಿಸುವ ಸ್ವಿಚ್ ಗಟ್ಟಿಯಾಗಿ ನಿಂತರೆ ಹಳೆಯದೇ ಇರಲಿ. ಅಂದಹಾಗೆ 1977ರವರೆಗೆ ಸ್ಟ್ರ್ಯಾಟ್‌ನಲ್ಲಿ ಇದ್ದದ್ದು ಮೂರೇ ಸ್ಥಾನದ ಸ್ವಿಚ್. ಎರಡು ಸ್ಥಾನದ ನಡುವೆ ಸಿಕ್ಕಿಸಿ ನುಡಿಸಿದರೆ ಬೇರೆಯೇ ದನಿ ಬರುತ್ತದೆ ಅಂತ ನುಡಿಸುವವರು ಕಂಡುಕೊಂಡಿದ್ದರು. ಕಂಪನಿ ಆಮೇಲೆ ಐದು ಸ್ಥಾನದ್ದನ್ನು ಕೊಟ್ಟಿತು.

ಬೆಸುಗೆಯೇ ಈ ಕೆಲಸದ ತಿರುಳು. 25 ವಾಟ್‌ನ ಸೋಲ್ಡರಿಂಗ್ ಐರನ್ ಸಣ್ಣ ತುದಿಗಳಿಗೆ ಸಾಕು, ಪಾಟ್‌ನ ಬೆನ್ನಿಗೆ ಸಾಲದು. 40ರಿಂದ 60 ವಾಟ್‌ನದು ತನ್ನಿ. ಒಳಗೆ ಫ್ಲಕ್ಸ್ ಇರುವ 60/40 ಲೆಡ್ (ಕರಗಿಸಿ ಬೆಸೆಯುವ ಲೋಹದ ತಂತಿ) ಸಾಕು. ಪಾಟ್‌ನ ಬೆನ್ನನ್ನು ಸ್ಯಾಂಡ್‌ಪೇಪರಿನಲ್ಲಿ ಸ್ವಲ್ಪ ಗೀಚಿ. ಐರನ್ನಿನ ಮೊನೆಯನ್ನು ಚಪ್ಪಟೆಯಾಗಿ ಒತ್ತಿ ಹಿಡಿದು ಮೂರು ನಾಲ್ಕು ಎಣಿಸಿ. ಲೆಡ್ಡನ್ನು ಮೊನೆಗಲ್ಲ, ಪಾಟ್‌ಗೆ ಮುಟ್ಟಿಸಿ. ಮೊದಲು ಅದು ಗೋಲಿಯಂತೆ ಉರುಟಾಗಿ ನಿಲ್ಲುತ್ತದೆ. ಲೋಹ ಕಾದ ಕ್ಷಣಕ್ಕೆ ಬಿಸಿ ದೋಸೆ ಮೇಲೆ ತುಪ್ಪ ಹರಡಿದ ಹಾಗೆ ಹರಡಿ ಹೊಳೆಯುತ್ತದೆ. ಆಗ ವೈರ್ ಇಟ್ಟು, ಐರನ್ ತೆಗೆದು, ತಣಿಯುವವರೆಗೆ ಕೈ ಅಲುಗಿಸಬೇಡಿ. ಬೂದಿ ಬಣ್ಣಕ್ಕೆ ತಿರುಗಿ ತರಿತರಿಯಾದರೆ ಬೆಸುಗೆ ಕೂತಿಲ್ಲ, ಮತ್ತೆ ಕಾಯಿಸಿ. ಕಿಟಕಿ ತೆರೆದಿರಲಿ, ಲೆಡ್ ಮುಟ್ಟಿದ ಕೈ ತೊಳೆಯದೆ ತಿಂಡಿಗೆ ಹೋಗಬೇಡಿ.

ಎಲ್ಲ ವೈರನ್ನೂ ಒಮ್ಮೆಗೇ ಕಿತ್ತು ಹಾಕಬೇಡಿ. ಒಂದು ಬಿಚ್ಚಿ, ಅದನ್ನು ಹೊಸ ಪಾಟ್‌ನ ಅದೇ ಕಾಲಿಗೆ ಬೆಸೆದು, ಆಮೇಲೆ ಮುಂದಿನದು. ದಾರಿ ಸರಳ: ಪಿಕಪ್‌ನಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ವಾಲ್ಯೂಮ್‌ನ ಅಂಚಿನ ಕಾಲಿಗೆ, ನಡುಗಾಲಿನಿಂದ ಜ್ಯಾಕ್‌ಗೆ. ವಾಲ್ಯೂಮ್‌ನ ಇನ್ನೊಂದು ಅಂಚಿನ ಕಾಲನ್ನು ಬಗ್ಗಿಸಿ ಪಾಟ್‌ನ ಬೆನ್ನಿಗೇ ಬೆಸೆಯಬೇಕು. ಪಿಕಪ್‌ಗಳ ಅರ್ತ್, ಜ್ಯಾಕ್‌ನ ಅರ್ತ್, ಹಿಂಬದಿಯ ಸ್ಪ್ರಿಂಗ್ ಕೊಂಡಿಯಿಂದ ಬರುವ ವೈರ್, ಎಲ್ಲವೂ ಅದೇ ಬೆನ್ನಿಗೆ.

ಗುಂಯ್ ಸದ್ದು

ಫಲಕದ ಹಿಂಬದಿಗೂ ಗುಂಡಿಯ ಒಳಗೋಡೆಗೂ ತಾಮ್ರದ ಟೇಪ್ ಅಂಟಿಸಿ. ಅಂಟೂ ವಿದ್ಯುತ್ ಹರಿಸುವಂಥ ಟೇಪನ್ನೇ ಕೇಳಿ ತನ್ನಿ. ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಹತ್ತಿರಬೇಕು. ಮಲ್ಟಿಮೀಟರ್ ಬೀಪ್‌ನಲ್ಲಿ ಇಟ್ಟು ಮೂಲೆ ಮೂಲೆ ಮುಟ್ಟಿ ನೋಡಿ, ಒಂದು ಕಡೆಯಿಂದ ಅರ್ತ್‌ಗೆ ವೈರ್ ಕೊಡಿ. ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್, ಚಾರ್ಜರ್‌ನಿಂದ ಬರುವ ಜಿರ್ರ್ ಇದರಿಂದ ಚೆನ್ನಾಗಿ ಇಳಿಯುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್‌ನಿಂದ ಬರುವ 50 ಹರ್ಟ್ಸ್ ಗುಂಯ್ ಪೂರ್ತಿ ಹೋಗುವುದಿಲ್ಲ, ಒಂದೇ ಸುರುಳಿಯ ಪಿಕಪ್‌ನ ಜಾತಕವೇ ಅದು. ಇನ್ನೊಂದು ಮುಖ್ಯ ವಿಷಯ: ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹಕ್ಕೆ ಸೇರಿರುತ್ತವೆ. ಆಂಪ್‌ಗೆ ಮೂರು ಪಿನ್‌ನ, ಅರ್ತ್ ಸರಿಯಿರುವ ಸಾಕೆಟ್ಟೇ ಬೇಕು.

ಪಿಕಪ್, ಬ್ರಿಡ್ಜ್

ಇಷ್ಟೆಲ್ಲ ಮಾಡಿ ಒಂದು ವಾರ ನುಡಿಸಿ. ಪಿಕಪ್ ಬದಲಿಸುವ ಆಸೆ ಇನ್ನೂ ಇದ್ದರೆ ಆಗ ನೋಡೋಣ. ಅಗ್ಗದವುಗಳಲ್ಲಿ ಕಬ್ಬಿಣದ ಕಡ್ಡಿಗಳ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಇರುತ್ತದೆ. ಬೆಲೆಬಾಳುವವುಗಳಲ್ಲಿ ಕಡ್ಡಿಗಳೇ ಆಲ್ನಿಕೊ ಅಯಸ್ಕಾಂತ. ದನಿ ಬೇರೆ ಹೌದು, ಸೆರಾಮಿಕ್ ಅಂದ ಮಾತ್ರಕ್ಕೆ ಕೆಟ್ಟದು ಅಂತೇನಿಲ್ಲ. ಒಂದನ್ನೇ ಬದಲಿಸಿದಾಗ ಹಳೆಯದರ ಜೊತೆ ಸೇರಿ ದನಿ ತೆಳ್ಳಗೆ, ಮೂಗಿನಿಂದ ಬಂದಂತೆ ಕೇಳಿದರೆ ಹೊಸದರ ಎರಡು ವೈರ್ ಅದಲುಬದಲು ಮಾಡಿ. ಲೋಹದ ಮುಚ್ಚಳ ಇರುವ ಪಿಕಪ್‌ಗೆ ಮಾತ್ರ ಹೀಗೆ ಮಾಡಬೇಡಿ.

ಬ್ರಿಡ್ಜ್ ಬಗ್ಗೆ ಚೀಟಿಯ ಅಳತೆಯೇ ಮಾತಾಡಬೇಕು. ತಂತಿಗಳ ಹರವು 52.5, 54, 56 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತದೆ. ಮೈ ತೆಳುವಾದ ಗಿಟಾರಿಗೆ ಬ್ರಿಡ್ಜ್ ಕೆಳಗೆ ಮೈಯೊಳಗೆ ಇಳಿಯುವ ಪೂರ್ತಿ ಉದ್ದದ ಸ್ಟೀಲ್ ಬ್ಲಾಕ್ ಹಾಕಿದರೆ ಹಿಂದಿನಿಂದ ಹೊರಗೆ ಇಣುಕುತ್ತದೆ.

ಮುಚ್ಚುವ ಮೊದಲು

ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ವಾಲ್ಯೂಮ್ ಪೂರ್ತಿ ಏರಿಸಿ. ಸ್ವಿಚ್ 1, 3, 5ರಲ್ಲಿ ಸುಮಾರು 5ರಿಂದ 7 ಕಿಲೋ ಓಮ್, 2 ಮತ್ತು 4ರಲ್ಲಿ ಅದರ ಅರ್ಧ ತೋರಿಸಬೇಕು. ಆಂಪ್‌ಗೆ ಹಾಕಿ ಸ್ಕ್ರೂಡ್ರೈವರ್‌ನಿಂದ ಪಿಕಪ್‌ಗಳನ್ನು ಮೆಲ್ಲಗೆ ತಟ್ಟಿ. ಟಪ್ ಟಪ್ ಕೇಳಿದರೆ ಹನ್ನೊಂದು ಸ್ಕ್ರೂ ಹಾಕಬಹುದು.

ಹೊಸ ತಂತಿ ಹಾಕಿ, ಎಳೆದು ಪಳಗಿಸಿ. ಹನ್ನೆರಡನೇ ಫ್ರೆಟ್ ಒತ್ತಿದ ಸ್ವರ ಟ್ಯೂನರಿನಲ್ಲಿ ಏರಿದ್ದರೆ ಬ್ರಿಡ್ಜ್‌ನ ಸ್ಯಾಡಲ್ (ತಂತಿ ಕೂರುವ ಸಣ್ಣ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್‌ಗೂ ನಡುವೆ ಸುಮಾರು 2 ಮಿಲಿಮೀಟರ್ ಬಿಡಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ಅಲೆಯುತ್ತದೆ.

ತೆಗೆದ ಹಳೆಯ ಭಾಗಗಳನ್ನು ಎಸೆಯಬೇಡಿ, ಚೀಟಿ ಸಮೇತ ಒಂದು ಕವರಿನಲ್ಲಿ ಕಟ್ಟಿಡಿ. ಮುಂದೆ ಗಿಟಾರ್ ಮಾರುವಾಗ ಹೊಸ ಪಾಟ್, ಹೊಸ ಪಿಕಪ್‌ಗೆ ಅಂತ ಯಾರೂ ನೂರು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಹಳೆಯದನ್ನು ಮತ್ತೆ ಕೂರಿಸಿ ಮಾರಿ, ಒಳ್ಳೆಯದನ್ನು ಮುಂದಿನ ಗಿಟಾರಿಗೆ ಇಟ್ಟುಕೊಳ್ಳಿ.