ಡೀಟಿಯಲ್ಲಿ ಮೊದಲ ಯುದ್ಧ ದಾಟಿದ ಬಗೆ

ಸಿವಿಲೈಸೇಶನ್ 6 ಅನ್ನುವ ಕಂಪ್ಯೂಟರ್ ಆಟ ಬಂದಿದ್ದು 2016ರಲ್ಲಿ. ಅದರ ಅತಿ ಕಷ್ಟದ ಹಂತಕ್ಕೆ ಡೀಟಿ ಅಂತ ಹೆಸರು. ಅಲ್ಲಿ ಆಟ ಸಮಬಲದಿಂದ ಶುರುವಾಗುವುದೇ ಇಲ್ಲ. ನಮ್ಮ ಕೈಯಲ್ಲಿ ಹೊಸ ಊರು ಕಟ್ಟುವ ಒಬ್ಬ ಸೆಟ್ಲರ್, ಒಬ್ಬ ವಾರಿಯರ್. ಕಂಪ್ಯೂಟರ್ ಆಡಿಸುವ ಪ್ರತಿ ಎದುರಾಳಿಗೂ ಮೂವರು ಸೆಟ್ಲರ್, ಐವರು ವಾರಿಯರ್. ಸಾಲದ್ದಕ್ಕೆ ಅವರ ಪ್ರತಿ ಪಡೆಗೂ ಹೋರಾಟದಲ್ಲಿ 4 ಅಂಕ ಜಾಸ್ತಿ, ಪ್ರೊಡಕ್ಷನ್‌ನಲ್ಲಿ (ಊರಿನ ಕಟ್ಟುವ ಶಕ್ತಿ) ಶೇ. 80 ಹೆಚ್ಚುವರಿ. ನಾವು ಎರಡನೇ ಊರಿನ ಯೋಚನೆ ಮಾಡುವಷ್ಟರಲ್ಲಿ ಅವರದು ಮೂರು ಊರು ಆಗಿರುತ್ತದೆ.

ಈ ಹಂತದಲ್ಲಿ ಸೋಲುವವರಲ್ಲಿ ಹೆಚ್ಚಿನವರು ಮೊದಲ ಐವತ್ತು ಟರ್ನ್ ಒಳಗೇ ಸೋಲುತ್ತಾರೆ ಅನ್ನುವುದು ನಾನು ಕಂಡಿರುವ ವಿಷಯ. ಆಮೇಲೆ ಎದುರಾಳಿಯ ಲಾಭ ನಿಧಾನಕ್ಕೆ ಕರಗುತ್ತದೆ. ಯಾಕಂದ್ರೆ ಕಂಪ್ಯೂಟರ್‌ಗೆ ಸೈನ್ಯ ಕಟ್ಟಲು ಬರುತ್ತದೆ, ನಡೆಸಲು ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಶುರುವಿನಲ್ಲಿ ನಾನು ನೋಡುವುದು ಒಂದನ್ನೇ: ಅವರು ಬಂದಾಗ ಎಲ್ಲಿ ನಿಂತಿರಬೇಕು, ಏನು ಹಿಡಿದು ನಿಂತಿರಬೇಕು.

ನಾನು ರೋಮ್ ಆರಿಸಿಕೊಳ್ಳುತ್ತೇನೆ. ಅದರ ನಾಯಕ ಟ್ರಾಜನ್‌ಗೆ ಪ್ರತಿ ಹೊಸ ಊರಲ್ಲೂ ಮಾನ್ಯುಮೆಂಟ್ ಅನ್ನುವ ಕಟ್ಟಡ ಪುಕ್ಕಟೆ. ಅದನ್ನು ಕಟ್ಟುವ ಹೊತ್ತು ಉಳಿಯಿತು ಅಂದರೆ ಒಬ್ಬ ಸ್ಲಿಂಗರ್ (ಕವಣೆಯಲ್ಲಿ ಕಲ್ಲು ಬೀರುವವನು) ಜಾಸ್ತಿ ಸಿಕ್ಕ ಹಾಗೆ. ಮೊದಲು ಒಬ್ಬ ಸ್ಕೌಟ್, ಆಮೇಲೆ ಇಬ್ಬರು ಸ್ಲಿಂಗರ್, ಆಮೇಲೆ ಸೆಟ್ಲರ್. ಸ್ಟೋನ್‌ಹೆಂಜ್‌ನಂಥ ಅದ್ಭುತಗಳ ಆಸೆಯನ್ನು ಪೂರ್ತಿ ಬಿಡುತ್ತೇನೆ. ಡೀಟಿಯಲ್ಲಿ ಅದು ಹೆಚ್ಚಾಗಿ ಬೇರೆಯವರ ಪಾಲಾಗುತ್ತದೆ, ನಮ್ಮ ಪ್ರೊಡಕ್ಷನ್ ವ್ಯರ್ಥವಾಗುತ್ತದೆ.

ಸ್ಲಿಂಗರ್ ಯಾಕೆ ಅಂತ ಬಿಡಿಸಿ ಹೇಳಬೇಕು. ಸ್ಲಿಂಗರ್‌ಗೆ ಬರೀ 35 ಪ್ರೊಡಕ್ಷನ್ ಸಾಕು. ಅವನ ಕಲ್ಲೇಟಿನಿಂದ ಒಂದು ಶತ್ರು ಪಡೆ ಸತ್ತರೆ ಆರ್ಚರಿ ವಿದ್ಯೆಗೆ ಯುರೇಕಾ ಸಿಗುತ್ತದೆ, ಅಂದರೆ ಅದನ್ನು ಕಲಿಯುವ ಕೆಲಸ ಬೇಗ ಮುಗಿಯುತ್ತದೆ. ಆರ್ಚರಿ ಬಂದ ಮೇಲೆ 60 ಗೋಲ್ಡ್ ಕೊಟ್ಟು ಅದೇ ಸ್ಲಿಂಗರ್‌ನನ್ನು ಆರ್ಚರ್ ಮಾಡಬಹುದು. 15ರ ಹೊಡೆತ 25ಕ್ಕೆ ಏರುತ್ತದೆ, ಒಂದು ಮನೆ ದೂರ ಇದ್ದದ್ದು ಎರಡಾಗುತ್ತದೆ. ಹಾಗಾಗಿ ಶುರುವಿನಲ್ಲಿ ಕೈಗೆ ಬಂದ ಗೋಲ್ಡ್‌ನ್ನು ನಾನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಒಂದೇ ವಿನಾಯಿತಿ ಇದೆ, ಮುಂದೆ ಹೇಳುತ್ತೇನೆ.

ಯುರೇಕಾಗೆ ಬೇಕಾದ ಆ ಒಂದು ಸಾವು ಸಿಗುವುದು ಯಾವ ರಾಜ್ಯಕ್ಕೂ ಸೇರದ ಬಾರ್ಬೇರಿಯನ್‌ಗಳಿಂದ. ಅವರ ಸ್ಕೌಟ್ ನಮ್ಮ ಊರು ನೋಡಿದರೆ ತಲೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ. ಅವನು ವಾಪಸ್ ಕ್ಯಾಂಪ್ ಮುಟ್ಟಿದರೆ ಅಲ್ಲಿಂದ ದಂಡೇ ಹೊರಟು ಬರುತ್ತದೆ. ವಾರಿಯರ್‌ನನ್ನು ಅವನು ಹಿಂತಿರುಗುವ ದಾರಿಗೆ ಅಡ್ಡ ನಿಲ್ಲಿಸಿ, ಕೊನೆಯ ಏಟು ಮಾತ್ರ ಸ್ಲಿಂಗರ್‌ಗೆ ಉಳಿಸುತ್ತೇನೆ. ಕೋಡ್ ಆಫ್ ಲಾಸ್ ಅನ್ನುವ ನಾಗರಿಕ ವಿದ್ಯೆ ಮುಗಿದ ಕೂಡಲೇ ಡಿಸಿಪ್ಲಿನ್ ಅನ್ನುವ ನೀತಿ ಕಾರ್ಡ್ ಹಾಕುವುದೂ ಇದಕ್ಕೇ. ಬಾರ್ಬೇರಿಯನ್‌ಗಳ ಮೇಲೆ 5 ಅಂಕ ಜಾಸ್ತಿ ಬರುತ್ತದೆ. ಕ್ರಾಫ್ಟ್ಸ್‌ಮನ್‌ಶಿಪ್ ಬಂದ ಮೇಲೆ ಅದನ್ನು ತೆಗೆದು ಅಗೋಗೆ ಅನ್ನುವ ಕಾರ್ಡ್ ಹಾಕುತ್ತೇನೆ. ಹಳೆ ಕಾಲದ ಪಡೆಗಳನ್ನು ಕಟ್ಟುವ ವೇಗ ಅದರಿಂದ ಶೇ. 50 ಏರುತ್ತದೆ.

ಆ ವಿನಾಯಿತಿ ಅಂದೆನಲ್ಲ, ಅದು ಡೆಲಿಗೇಶನ್, ಅಂದರೆ ಸ್ನೇಹಕ್ಕೆ ಕಳಿಸುವ ನಿಯೋಗ. ಯಾವುದೇ ನಾಯಕ ಮೊದಲ ಸಲ ಎದುರಾದ ಟರ್ನ್‌ನಲ್ಲೇ 25 ಗೋಲ್ಡ್ ಕೊಟ್ಟು ಕಳಿಸಿಬಿಡಬೇಕು. ತಡ ಮಾಡಿದರೆ ಅವರ ಮನಸ್ಸು ಆಗಲೇ ಕೆಟ್ಟಿರುತ್ತದೆ, ಬೇಡ ಅನ್ನುತ್ತಾರೆ. ಸ್ವಲ್ಪ ಚೆನ್ನಾಗಿರುವವರ ಹತ್ತಿರ ಸ್ನೇಹದ ಘೋಷಣೆ ಕೇಳುತ್ತೇನೆ. ಒಪ್ಪಿದರೆ 30 ಟರ್ನ್ ಆ ಕಡೆಯಿಂದ ಯುದ್ಧದ ಭಯ ಇಲ್ಲ.

ಆದರೆ ಕೆಲವರು ಒಪ್ಪುವುದಿಲ್ಲ. ನನ್ನ ಪಕ್ಕಕ್ಕೆ ಬಂದಿದ್ದು ಚಂದ್ರಗುಪ್ತ ಮೌರ್ಯ. 2018ರ ರೈಸ್ ಅಂಡ್ ಫಾಲ್ ಜತೆ ಆಟಕ್ಕೆ ಸೇರಿದ ನಾಯಕ. ಕೊನೆಗಾಲದಲ್ಲಿ ರಾಜ್ಯ ಬಿಟ್ಟು ನಮ್ಮ ಶ್ರವಣಬೆಳಗೊಳಕ್ಕೆ ಬಂದ ಅಂತ ಜೈನ ಪರಂಪರೆ ಹೇಳುವುದು ಇವನ ಬಗ್ಗೆಯೇ. ಚಂದ್ರಗಿರಿ ಬೆಟ್ಟಕ್ಕೆ ಆ ಹೆಸರು ಅವನಿಂದ ಬಂತು ಅನ್ನುತ್ತಾರೆ. ಆಟದಲ್ಲಿ ಇರುವುದು ರಾಜ್ಯ ಕಟ್ಟುವ ಕಾಲದ ಚಂದ್ರಗುಪ್ತ. ಗಡಿಗೆ ಹತ್ತಿರ ಊರು ಕಟ್ಟಿದವರನ್ನು ಕಂಡರೆ ಅವನಿಗೆ ಆಗುವುದಿಲ್ಲ. ಪಕ್ಕದವರ ಮೇಲೆ ಬೀಳುವುದೇ ಅವನ ಸ್ವಭಾವ.

ಅವನು ನನ್ನನ್ನು ಬಹಿರಂಗವಾಗಿ ಖಂಡಿಸಿದ ಟರ್ನ್‌ನಲ್ಲೇ ನಾನು ಸೆಟ್ಲರ್ ಕೆಲಸ ನಿಲ್ಲಿಸಿದೆ. ಖಂಡಿಸಿ 5 ಟರ್ನ್ ಆದರೆ ಫಾರ್ಮಲ್ ಯುದ್ಧ ಸಾರಬಹುದು. ಅಷ್ಟು ಹೊತ್ತು ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ, ಹಠಾತ್ ಯುದ್ಧಕ್ಕೂ ಅವಕಾಶ ಇದೆ. ಬಿಲ್ಡರ್ ಕೈಲಿ ಕಲ್ಲಿನ ಮೇಲೆ ಕ್ವಾರಿ ಮಾಡಿಸಿದೆ, ಗೋಡೆ ಕಟ್ಟುವ ವಿದ್ಯೆಯಾದ ಮೇಸನ್ರಿಗೆ ಯುರೇಕಾ ಬಂತು. ರಾಜಧಾನಿಯಲ್ಲಿ 80 ಪ್ರೊಡಕ್ಷನ್‌ನ ಕೋಟೆಗೋಡೆ ಶುರು ಮಾಡಿದೆ. ಗೋಡೆ ಇಲ್ಲದ ಊರಿಗೆ ಬಾಣ ಬಿಡಲು ಬರುವುದಿಲ್ಲ. ಗೋಡೆ ಎದ್ದ ಮೇಲೆ ಊರೇ ಪ್ರತಿ ಟರ್ನ್ ಒಂದು ಹೊಡೆತ ಹೊಡೆಯುತ್ತದೆ. ಗೋಡೆ ಒಡೆಯುವ ಬ್ಯಾಟರಿಂಗ್ ರ‍್ಯಾಮ್ ಇಲ್ಲದ ವಾರಿಯರ್‌ಗಳು ಆ ಗೋಡೆಗೆ ಹೆಚ್ಚೇನೂ ಮಾಡಲಾರರು.

ಇನ್ನು ಜಾಗ. ರಾಜಧಾನಿಯ ಮುಂದೆ ನದಿ, ನದಿಯ ಈಚೆ ಒಂದು ಗುಡ್ಡ. ಆ ಗುಡ್ಡದ ಮೇಲೆ ವಾರಿಯರ್‌ನನ್ನು ಫಾರ್ಟಿಫೈ ಮಾಡಿ ಸುಮ್ನೆ ಕೂರಿಸಿದೆ. ಲೆಕ್ಕ ನೋಡಿ. ವಾರಿಯರ್‌ನ ಬಲ 20. ಎರಡು ಟರ್ನ್ ಕದಲದೆ ನಿಂತರೆ 6 ಸೇರುತ್ತದೆ. ಗುಡ್ಡಕ್ಕೆ 3. ಎದುರಾಳಿ ನದಿ ದಾಟಿ ಹೊಡೆದರೆ 5ರ ಅನುಕೂಲ. ಒಟ್ಟು 34. ಡೀಟಿಯ ಲಾಭ ಸೇರಿಸಿದರೂ ಅವನ ವಾರಿಯರ್ 24. ಹತ್ತು ಅಂಕದ ಅಂತರ ಅಂದರೆ ಅವನ ಒಂದು ದಾಳಿಗೆ ನನಗೆ ಆಗುವ ನಷ್ಟ ಸುಮಾರು 20, ಅವನಿಗೆ ಸುಮಾರು 45. ಪ್ರತಿ ಪಡೆಗೂ ಇರುವ ಪ್ರಾಣ 100. ಗುಡ್ಡದ ಹಿಂದೆ ಆರ್ಚರ್‌ಗಳು. ಅವರ ಒಂದೊಂದು ಬಾಣಕ್ಕೆ 30ರ ಆಸುಪಾಸು. ಅಂದರೆ ಮೈಮೇಲೆ ಬಂದ ವಾರಿಯರ್ ಎರಡು ಬಾಣಕ್ಕೆ ಮುಗಿದ. ಅದೇ ವಾರಿಯರ್‌ನನ್ನು ಬಯಲಲ್ಲಿ ಎದುರಿಸಿದ್ದರೆ ಅನುಕೂಲ ಪೂರ್ತಿ ಅವನದೇ ಆಗಿರುತ್ತಿತ್ತು.

ಅವನ ಪಡೆಗಳು ಒಟ್ಟಿಗೆ ಬರಲಿಲ್ಲ, ಒಂದರ ಹಿಂದೆ ಒಂದು ಬಂದವು. ಕಂಪ್ಯೂಟರ್ ಹೆಚ್ಚಾಗಿ ಹಾಗೇ ಬರುವುದು. ಆಗ ಬಾಣಗಳನ್ನು ಹಂಚಬಾರದು. ಎರಡು ಪಡೆಗೆ ಅರ್ಧರ್ಧ ಗಾಯ ಮಾಡಿದರೆ ಎರಡೂ ಹೊಡೆಯುತ್ತವೆ. ಒಂದನ್ನು ಮುಗಿಸಿದರೆ ಒಂದು ಕಮ್ಮಿ ಆಯಿತು. ಓಡಿಹೋಗುವ ಗಾಯಾಳುವಿನ ಹಿಂದೆ ಗುಡ್ಡದ ವಾರಿಯರ್‌ನನ್ನು ಕಳಿಸಲಿಲ್ಲ. ಆಸೆಯೇನೋ ಆಗುತ್ತದೆ. ಆದರೆ ಗುಡ್ಡ ಬಿಟ್ಟ ಕ್ಷಣ 14 ಅಂಕವೂ ಹೋಯಿತು ಅಂತಲೇ. ದಾಳಿ ಇಲ್ಲದ ಟರ್ನ್‌ನಲ್ಲಿ ಅವನು ಅಲ್ಲೇ ಇದ್ದರೆ, ನಮ್ಮ ಗಡಿಯೊಳಗೆ ಟರ್ನ್‌ಗೆ 15 ಪ್ರಾಣ ವಾಪಸ್ ಬರುತ್ತದೆ.

ಯುದ್ಧ ಶುರುವಾಗಿ 10 ಟರ್ನ್ ಆಗುವ ತನಕ ಸಂಧಿಗೆ ಆಟ ಅವಕಾಶ ಕೊಡುವುದಿಲ್ಲ. ಆ ಹೊತ್ತಿಗೆ ಅವನ ಸೈನ್ಯದಲ್ಲಿ ಹೇಳಿಕೊಳ್ಳುವಂಥದ್ದು ಉಳಿದಿರಲಿಲ್ಲ. ನಾನೇ ಕೇಳಿದೆ, ಗೋಲ್ಡ್ ಸೇರಿಸಿಯೇ ಒಪ್ಪಿದ. ಅವನ ಗಡಿ ಊರಿನ ಮೇಲೆ ಬೀಳಬಹುದಿತ್ತು ಅನ್ನುವವರಿದ್ದಾರೆ. ನನಗೆ ಅದು ಬೇಕಿರಲಿಲ್ಲ. ಆರ್ಚರ್‌ಗಳು ಊರಿನ ಮೇಲೆ ಬಿಡುವ ಬಾಣಕ್ಕೆ ಬಲ ತುಂಬಾ ಕಮ್ಮಿ, ಊರನ್ನು ವಶ ಮಾಡಿಕೊಳ್ಳಲೂ ಅವರಿಂದ ಆಗುವುದಿಲ್ಲ. ಸಂಧಿ ಇರುವಷ್ಟು ಟರ್ನ್ ಅವನು ಮತ್ತೆ ಯುದ್ಧ ಸಾರುವಂತಿಲ್ಲ. ಆ ಗೋಲ್ಡ್ ಹಾಕಿ ಸೆಟ್ಲರ್ ಕೊಂಡು, ಅವನ ಗಡಿಯಿಂದ ದೂರ, ಸಮುದ್ರದ ಕಡೆಗೆ ಮೂರನೇ ಊರಿಗೆ ಹೊರಡಿಸಿದೆ. ಆರ್ಚರ್‌ಗಳು ಮಾತ್ರ ಗುಡ್ಡದ ಹಿಂದೆಯೇ ಇದ್ದರು.