ನೋಂದಣಿಗೆ ಸಿಗದ ಕೂಸುಗಳೆಷ್ಟು? ಎರಡು ಪಟ್ಟಿ ಹಿಡಿದು ಲೆಕ್ಕ ಹಾಕಿ

ಜನನ-ಮರಣ ರಿಜಿಸ್ಟರಿನಲ್ಲಿ ಬರೆಸಿದವರ ಹೆಸರಿರುತ್ತದೆ. ಬರೆಸದವರೆಷ್ಟು ಎಂದು ತಿಳಿಯಲು ಎರಡನೇ ಪಟ್ಟಿ ಬೇಕು. ಎರಡೂ ಪಟ್ಟಿ ತಾಳೆ ನೋಡಿ ಒಟ್ಟು ಎಷ್ಟೆಂದು ಅಂದಾಜಿಸುವ ಈ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞರಾದ ಸಿ. ಚಂದ್ರಶೇಖರನ್ ಮತ್ತು ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಪ್ರಕಟಿಸಿದರು. ಅದಕ್ಕೆ ಬಂಗಾಳದ ಸಿಂಗೂರಿನ ಅಂಕಿಗಳೇ ಆಧಾರ. ಒಂದೇ ಹಳ್ಳಿ ಸಾಲದು, ಹೋಬಳಿಯಷ್ಟಾದರೂ ಇರಲಿ.

ಮೊದಲ ಪಟ್ಟಿಯನ್ನು ರಿಜಿಸ್ಟರಿನಿಂದ ತೆಗೆಯಿರಿ. ವರದಿಗೆ 21 ದಿನದ ಗಡುವಿದ್ದರೂ ಶುಲ್ಕ ಕಟ್ಟಿ ತಡವಾಗಿ ಬರೆಸುವವರಿದ್ದಾರೆ. ಹಾಗಾಗಿ ವರ್ಷ ಮುಗಿದು ಕೆಲವು ತಿಂಗಳಾದ ಮೇಲೆ ತೆಗೆಯುವುದು ಒಳ್ಳೆಯದು. ನೋಂದಣಿ ಆಗುವುದು ಹೆರಿಗೆಯಾದ ಜಾಗದಲ್ಲಿ, ತಾಯಿಯ ಊರಿನಲ್ಲಲ್ಲ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ಹೆರಿಗೆಗಳನ್ನೂ ತಾಯಿಯ ವಿಳಾಸ ನೋಡಿ ಸೇರಿಸಿ. ತವರಿಗೆ ಹೋಗಿ ಬೇರೆ ತಾಲ್ಲೂಕಿನಲ್ಲಿ ಹೆತ್ತವರನ್ನು ಎರಡೂ ಪಟ್ಟಿಯಿಂದ ಬಿಡಿ.

ಎರಡನೆಯದು ಮನೆಮನೆ ಸಮೀಕ್ಷೆ. ಹೋಗುವವರು ರಿಜಿಸ್ಟರ್ ನೋಡಿರಬಾರದು. ಅದನ್ನೇ ನಕಲು ಮಾಡಿದರೆ ಎಲ್ಲ ಹೆಸರೂ ತಾಳೆಯಾಗಿ, ನೋಂದಣಿ ನೂರಕ್ಕೆ ನೂರು ಎಂದು ಕಾಣುತ್ತದೆ! 'ಮಗು ಹುಟ್ಟಿತಾ?' ಎಂದು ಕೇಳಿದರೆ ಸತ್ತ ಕೂಸಿನ ಮಾತು ಬರುವುದಿಲ್ಲ. 'ಈ ಎರಡು ವರ್ಷದಲ್ಲಿ ಮನೆಯಲ್ಲಿ ಯಾರು ಬಸುರಾಗಿದ್ದರು?' ಎಂದು ಶುರುಮಾಡಿ, ತಾಯಿ ಕಾರ್ಡ್ ನೋಡಿ, ಒಂದೊಂದು ಬಸುರಿಗೂ ಏನಾಯಿತು ಎಂದು ಕೇಳಿ. 'ಅತ್ತಿತಾ? ಉಸಿರಾಡಿತಾ?' ಹೌದೆಂದರೆ ಅದು ಸಜೀವ ಜನನ. ಕೂಸು ಒಂದೇ ಗಂಟೆ ಬದುಕಿದ್ದರೂ ಜನನಕ್ಕೆ ನಮೂನೆ 1, ಮರಣಕ್ಕೆ ನಮೂನೆ 2 ಎರಡೂ ಬೇಕು. ಇದನ್ನೇ ಸತ್ತು ಹುಟ್ಟಿದ್ದೆಂದು ನಮೂನೆ 3ರಲ್ಲಿ ಬರೆದರೆ ಎರಡು ಲೆಕ್ಕದಿಂದಲೂ ಮಾಯ.

ತಾಳೆ ನೋಡುವಾಗ ಮಗುವಿನ ಹೆಸರು ನಂಬಬೇಡಿ, ನಾಮಕರಣವೇ ಆಗಿರುವುದಿಲ್ಲ. ತಾಯಿಯ ಹೆಸರು, ಗಂಡನ ಹೆಸರು, ಊರು, ದಿನಾಂಕ ಹಿಡಿಯಿರಿ. ಕಾಗದದ ಲಕ್ಷ್ಮೀದೇವಿ ಮನೆಯಲ್ಲಿ ಲಕ್ಷ್ಮಮ್ಮ ಆಗಿರಬಹುದು.

ರಿಜಿಸ್ಟರಿನಲ್ಲಿ 400 ಜನನ, ಸಮೀಕ್ಷೆಯಲ್ಲಿ 375, ಎರಡರಲ್ಲೂ ಇರುವುದು 300 ಎಂದಿಟ್ಟುಕೊಳ್ಳಿ. ಸಮೀಕ್ಷೆಯ 375ರಲ್ಲಿ 300, ಅಂದರೆ ಶೇ 80, ರಿಜಿಸ್ಟರಿನಲ್ಲಿದೆ. ಹಾಗಾದರೆ ರಿಜಿಸ್ಟರಿನ 400 ಕೂಡ ಒಟ್ಟು ಜನನದ ಶೇ 80 ಎಂದು ಎಣಿಸಬಹುದು. 400ನ್ನು 375ರಿಂದ ಗುಣಿಸಿ 300ರಿಂದ ಭಾಗಿಸಿದರೆ ಒಟ್ಟು ಜನನ 500. ಶಿಶುಮರಣವನ್ನು ಬೇರೆಯಾಗಿಯೇ ಲೆಕ್ಕ ಹಾಕಿ: ರಿಜಿಸ್ಟರಿನಲ್ಲಿ 8, ಸಮೀಕ್ಷೆಯಲ್ಲಿ 12, ಎರಡರಲ್ಲೂ 6 ಎಂದಾದರೆ ಒಟ್ಟು 16, ನೋಂದಣಿ ಶೇ 50. ರಿಜಿಸ್ಟರ್ ನಂಬಿದರೆ ಸಾವಿರ ಜನನಕ್ಕೆ 20 ಸಾವು, ತಿದ್ದಿದ ಲೆಕ್ಕದಲ್ಲಿ 32.

ಈ 32 ಕೂಡ ಕಡಿಮೆಯೇ ಇರಬಹುದು. ಮನೆಯಲ್ಲೇ ಹುಟ್ಟಿ ಮೊದಲ ದಿನಗಳಲ್ಲೇ ತೀರಿಕೊಂಡ ಕೂಸು ಎರಡೂ ಪಟ್ಟಿಯಿಂದ ಜಾರುವ ಸಂಭವ ಹೆಚ್ಚು. ಸಾವುಗಳು ಸಾಕಷ್ಟಿದ್ದರೆ ಮನೆ-ಆಸ್ಪತ್ರೆ, ಮೊದಲ ವಾರ-ಆಮೇಲಿನದು ಎಂದು ಗುಂಪು ಮಾಡಿ, ಗುಂಪಿಗೊಂದು ಲೆಕ್ಕ ಹಾಕಿ ಕೂಡಿಸಿ.